ಸೊಣ್ಣಕ್ಕನ ತಿಪ್ಪೆ

ಕೃತ್ತಿಕೆ ಮಳೆ ಬಂದು ನಾಲ್ಕು ದಿನವಾಗಿತ್ತು, ರೋಹಿಣಿ ಇನ್ನೂ ಹುಟ್ಟಿರಲಿಲ್ಲ. ಬೆಳಿಗ್ಗೆ ಎಂಟು ಗಂಟೆಯ ಬಿಸಿಲು. ಕಾಲೇಜಿನ ಹಿಂಬದಿಯಲ್ಲಿ, ಕ್ಯಾಂಟೀನಿನ ಪಕ್ಕ ಕಟ್ಟಿದ ಮೂರು ಇಟ್ಟಿಗೆ ತೊಟ್ಟಿಗಳ ಮುಂದೆ ಆಫೀಸ್ ಮ್ಯಾನೇಜರ್ ವೇಣುಗೋಪಾಲ್ ಮೂಗಿಗೆ ಕರವಸ್ತ್ರ ಒತ್ತಿಕೊಂಡು ನಿಂತಿದ್ದ.

"ಬಗ್ಗೋ. ಇನ್ನೂ ಬಗ್ಗು. ಮೂಸಿ ನೋಡಿ ಹೇಳು ಬೋಳಿಮಗನೆ, ಇದು ಗೊಬ್ಬರಾನಾ?"

ಮಾಲಿ ಬಚ್ಚಪ್ಪ ಬಗ್ಗಿದ. ಅರವತ್ತಾರು ವರ್ಷದ ಬೆನ್ನು, ಬಗ್ಗುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ತೊಟ್ಟಿಯೊಳಗೆ ನಾಲ್ಕು ತಿಂಗಳ ಅನ್ನ, ಸಾಂಬಾರು, ಹಿಂಡಿ ಬಿಸಾಕಿದ ನಿಂಬೆಹೋಳು, ಟೀ ಕುಡಿದ ಕಾಗದದ ಲೋಟ ಎಲ್ಲ ಕಲಸಿಕೊಂಡು ಹಳದಿ ಕೀವಿನ ಹಾಗೆ ನಿಂತಿತ್ತು. ತೊಟ್ಟಿಯ ನೆತ್ತಿಯ ಮೇಲೆ ಹಸಿರು ಬಣ್ಣದ ಬೋರ್ಡು: 'ಹಸಿರು ಬಳಗ. ಕಸವಿಲ್ಲದ ಕಾಲೇಜು ನಮ್ಮ ಕಾಲೇಜು.'

"ಕೊಳೆತೈತೆ ಸಾರ್. ಸಗಣಿ ನೀರು ಬಿಡಬೇಕಿತ್ತು. ಮಣ್ಣು ಎಳೀಬೇಕಿತ್ತು. ಸಂಕ್ರಾಂತಿ ತಿಂಗ್ಳಾಗೇ ಏಳಿದ್ದೆ."

"ಓಹೋ, ನೀನು ಹೇಳಿದ್ದೆ. ನೀನು ಪ್ರಿನ್ಸಿಪಾಲ್ ಅಲ್ವಾ."

ಹೇಳಿದ್ದು ನಿಜ. ವಿದ್ಯಾರ್ಥಿಗಳ ಈ ಬಳಗದ ಮುಂದಾಳು ಜ್ಯೋತ್ಸ್ನಾ ಎಂಬ ಹುಡುಗಿ, ಕೆಜಿಎಫ್‌ನ ಫ್ಯಾಕ್ಟರಿ ಕ್ವಾರ್ಟರ್ಸಿನವಳು, ಆಗ ಬಂದು ಗೊಬ್ಬರ ಮಾಡುವುದು ಹೇಗೆಂದು ಅವನನ್ನೇ ಕೇಳಿದ್ದಳು. ಅವಳು ಕೇಳಿದ್ದೆಲ್ಲ ಬರೆದುಕೊಳ್ಳುವ ಜಾತಿ. ಗಾಳಿ ಎದ್ದಾಗ ಚಿನ್ನದ ಗಣಿಯವರು ಸುರಿದ ಸೈನೈಡ್ ದಿಬ್ಬದ ಬಿಳಿ ಧೂಳು ಮನೆಮನೆಗೆ ಬರುತ್ತದೆಂದು ಐವತ್ತು ಮಕ್ಕಳನ್ನು ಕಟ್ಟಿಕೊಂಡು ರೋಡಿನಲ್ಲಿ ಕೂತವಳು. ಬಚ್ಚಪ್ಪ ಹೇಳಿದ್ದನ್ನೂ ಬರೆದುಕೊಂಡಳು. ಆದರೆ ಒಂದು ಬಕೆಟ್ ಸಗಣಿ ಒಳಗೆ ತರುತ್ತೇವೆಂದಾಗ ಇದೇ ವೇಣುಗೋಪಾಲ್, ಕಾಲೇಜೇನು ಕೊಟ್ಟಿಗೆಯಾ ಎಂದು ಗೇಟಿನಿಂದಲೇ ವಾಪಸು ಕಳಿಸಿದ್ದ.

"ಐದನೇ ತಾರೀಖು ಗುರುವಾರ ಕಮಿಟಿ ಬರ್ತಿದೆ. ಕಾಲೇಜಿಗೆ ಮಾರ್ಕ್ಸ್ ಹಾಕೋರು. ಅವತ್ತೇ ಪರಿಸರ ದಿನಾನೂ ಇಟ್ಟಿದ್ದಾರೆ. ಅಷ್ಟರಲ್ಲಿ ಮೂರು ತೊಟ್ಟೀಲೂ ಕರೀ ಗೊಬ್ಬರ ಇರಬೇಕು."

"ಗೊಬ್ರ ಆಗಕ್ಕೆ ಆರು ತಿಂಗ್ಳು ಬೇಕು ಸಾರ್."

"ಬಸುರಿ ಲೆಕ್ಕ ನನಗೆ ಹೇಳಬೇಡ. ಕೈ ತೊಳ್ಕೊಂಡು ಆಫೀಸಿಗೆ ಬಾ."

ಹನ್ನೊಂದು ವರ್ಷದಲ್ಲಿ ಬಚ್ಚಪ್ಪನನ್ನು ಆಫೀಸಿನೊಳಗೆ ಕರೆದದ್ದು ಅದೇ ಮೊದಲು. ಅಷ್ಟು ವರ್ಷವೂ ಅವನು ಕಿಟಕಿಯ ಹೊರಗೆ ನಿಂತು ಸಂಬಳಕ್ಕೆ ಹೆಬ್ಬೆಟ್ಟು ಒತ್ತಿ ಬಂದವನು. ಒಳಗೆ ಫ್ಯಾನು ತಿರುಗುತ್ತಿತ್ತು. ಗುಮಾಸ್ತರಿಗೆ ಗಾಜಿನ ಲೋಟದಲ್ಲಿ ಟೀ ಬಂತು, ಅವನಿಗೆ ಕಾಗದದ ಲೋಟದಲ್ಲಿ. ಅದನ್ನು ಅವನು ಗಮನಿಸಿದ, ಗಮನಿಸಿಯೂ ಕುಡಿದ.

ವೇಣುಗೋಪಾಲನ ದನಿ ಈಗ ಬೇರೆ. "ಬಚ್ಚಪ್ಪ, ನಿಮ್ಮ ಕಾಲೊನಿಯೋರ ತಿಪ್ಪೆಗಳು ನಮ್ಮ ಕಾಂಪೌಂಡ್ ಆಚೆ ಸಾಲಾಗಿವೆ. ಅದರಲ್ಲಿ ಯಾವ್ದು ಮಾಗಿದೆ, ಯಾವ್ದು ಹಸಿ, ನನಗೆ ಗೊತ್ತಾಗಲ್ಲ. ಆ ವಿದ್ಯೆ ನಿನಗೆ ಬರುತ್ತಂತೆ."

ವಿದ್ಯೆ ಎಂಬ ಮಾತು ಬಚ್ಚಪ್ಪನ ಕಿವಿಯೊಳಗೆ ಹೋಗಿ ಕೂತುಕೊಂಡಿತು. ಮೂರನೇ ಕ್ಲಾಸಿನಲ್ಲಿ ಮೇಷ್ಟ್ರು ಅವನ ಕೈಗೆ ಪೊರಕೆ ಕೊಟ್ಟು ಹೊರಗೆ ಕಳಿಸಿದ ಮೇಲೆ ಆ ಮಾತನ್ನು ಅವನ ಮುಂದೆ ಯಾರೂ ಆಡಿರಲಿಲ್ಲ.

"ಬತ್ತದೆ ಸಾರ್," ಅಂದ.

ಗೋಡೆಯ ಆಚೆ ಆರು ತಿಪ್ಪೆ. ಗೋಡೆ ಬರುವ ಮುಂಚೆ ಅದೆಲ್ಲ ಗೋಮಾಳ. ಬಚ್ಚಪ್ಪನ ಅಜ್ಜಿಯ ಕಾಲದಿಂದ ಕಾಲೊನಿಯ ತಿಪ್ಪೆಗಳು ಅಲ್ಲೇ. ಆಮೇಲೆ ಚೈನು ಹಿಡಿದು ನೆಲ ಅಳೆಯುವವರು ಬಂದರು, ಗೋಡೆ ಬಂತು, ಗೋಡೆಯಿಂದಾಚೆಗೂ ಒಂಬತ್ತು ಅಡಿ ಕಾಲೇಜಿನದೇ ಅಂದರು. ಅಂದವರು ಹೋದರು, ತಿಪ್ಪೆಗಳು ಇದ್ದಲ್ಲೇ ಇದ್ದವು.

ಬಚ್ಚಪ್ಪ ಅಂಗಿಯ ತೋಳು ಮಡಿಸಿ ಮೊದಲ ತಿಪ್ಪೆಗೆ ಮೊಣಕೈವರೆಗೆ ಕೈ ಇಳಿಸಿದ. ಒಳಗೆ ಜ್ವರದ ಮೈಯಷ್ಟು ಬಿಸಿ. ಹಸಿ. ಎರಡನೆಯದೂ ಹಾಗೇ. ಮೂರನೆಯದರಲ್ಲಿ ಬೂದಿ ಹೆಚ್ಚಾಗಿ ಸುಟ್ಟಿತ್ತು. ನಾಲ್ಕನೆಯದಕ್ಕೆ ಕೈ ಇಳಿಸಿದಾಗ ತಣ್ಣಗೆ ಹತ್ತಿತು. ಒಂದು ಹಿಡಿ ತೆಗೆದು ಅಮುಕಿದ, ಉಂಡೆಯಾಯಿತು. ಬೆರಳು ಸಡಿಲ ಬಿಟ್ಟ, ಉದುರಿತು. ಮೂಗಿನ ಹತ್ತಿರ ತಂದರೆ ಮಳೆ ಬಿದ್ದ ಹೊಲದ ವಾಸನೆ.

ಅದು ಸೊಣ್ಣಮ್ಮನ, ಬಚ್ಚಪ್ಪನ ಬಾಯಲ್ಲಿ ಸೊಣ್ಣಕ್ಕನ, ತಿಪ್ಪೆ. ಕಾಲೊನಿಯಲ್ಲಿ ಅವನ ಮನೆಯ ಗೋಡೆಗೆ ಗೋಡೆ ಅಂಟಿದ ಮನೆಯವಳು. ಗಂಡ ಇಲ್ಲ. ಒಂದು ಹಸು, ಅರ್ಧ ಎಕರೆ ಹೊಲ. ಸಗಣಿ, ಒಲೆಬೂದಿ, ಹಸು ತಿಂದು ಬಿಟ್ಟ ಹುಲ್ಲು, ಹೊಂಗೆಸೊಪ್ಪು ಪದರ ಪದರವಾಗಿ ಹಾಕಿ ಸಂಕ್ರಾಂತಿ ಕಳೆದ ಮೇಲೆ ಒಬ್ಬಳೇ ಗುದ್ದಲಿ ಹಿಡಿದು ಮಗುಚಿ ಹಾಕಿದ್ದಳು. ಯಾರಾದರೂ ಒಂದು ಪ್ಲಾಸ್ಟಿಕ್ ಕವರು ಎಸೆದರೆ ಅವರ ಮನೆ ಬಾಗಿಲಿಗೇ ಹೋಗಿ ಎಸೆದು ಬರುತ್ತಿದ್ದಳು. ರೋಹಿಣಿ ಮಳೆ ಬಿದ್ದೊಡನೆ ಅದು ಹೊಲಕ್ಕೆ ಹೋಗಬೇಕು, ಅದರ ಮೇಲೆ ರಾಗಿ ಬೀಳಬೇಕು. ಅವಳ ವರ್ಷ ಅಂದರೆ ಅಷ್ಟೇ.

"ಇದು ಸಾರ್," ಎಂದು ಬಚ್ಚಪ್ಪ ಕೈ ತೋರಿಸಿದ. "ಆರಕ್ಕೂ ಇದೇ ರಾಜ."

ವೇಣುಗೋಪಾಲ್ ಫೋನಿನಲ್ಲಿ ಫೋಟೋ ಹೊಡೆದುಕೊಂಡು ಹೋದ. ಸೊಣ್ಣಕ್ಕನನ್ನು ಕೇಳುತ್ತಾರೆ, ಒಪ್ಪಿಸುತ್ತಾರೆ ಎಂದು ಬಚ್ಚಪ್ಪ ಅಂದುಕೊಂಡ. ಅಂದುಕೊಂಡನೋ, ಅಂದುಕೊಂಡ ಹಾಗೆ ಮಾಡಿದನೋ, ಆಮೇಲೆ ಎಷ್ಟು ಯೋಚಿಸಿದರೂ ಅವನಿಗೆ ಬಗೆಹರಿಯಲಿಲ್ಲ.

ಹೆಂಡತಿ ಸತ್ತ ಮೇಲೆ ಬಚ್ಚಪ್ಪ ಸಂಜೆ ಉಣ್ಣುತ್ತಿದ್ದದ್ದು ಸೊಣ್ಣಮ್ಮನ ಮನೆಯಲ್ಲೇ. ಅವನು ಸೌದೆ ಒಡೆದು ಹಾಕುವುದು, ಅವಳು ಮುದ್ದೆ ಕಟ್ಟುವುದು. ಅವತ್ತೂ ಜಗಲಿಯ ಮೇಲೆ ಕೂತು ಉಪ್ಸಾರಿನಲ್ಲಿ ಮುದ್ದೆ ಮುರಿಯುತ್ತಿದ್ದಾಗ ಸೊಣ್ಣಮ್ಮ ಕೇಳಿದಳು.

"ಏನ್ಲಾ ಬಚ್ಚಾ, ಮ್ಯಾನೇಜರ್ರು ತಿಪ್ಪೆ ಕಡೆ ಬಂದಿದ್ನಂತೆ? ಪ್ಯಾಂಟು ಇಸ್ತ್ರಿ ಮಾಡ್ಕಂಡು ತಿಪ್ಪೆ ನೋಡಕ್ ಬಂದೋರ್ನ ನಾನಂತೂ ಕಂಡಿಲ್ಲ."

"ಸುಮ್ಕೆ. ಗೋಡೆ ನೋಡಕ್ಕೆ."

"ಗೋಡೆ ಬಿದ್ದೋಯ್ತದೆ ಅಂತ ಬಯಾನಾ?"

ಅವಳು ನಕ್ಕಳು. ಬಚ್ಚಪ್ಪನೂ ನಕ್ಕ. ಆಗ ಹೇಳಬಹುದಿತ್ತು. ಮಾರನೆಯ ದಿನವೂ ಹೇಳಬಹುದಿತ್ತು. ಹತ್ತು ಸಂಜೆ ಅವನು ಅವಳ ಜಗಲಿಯ ಮೇಲೆ ಕೂತು ಉಂಡ, ಹತ್ತು ಸಂಜೆಯೂ ಹೇಳಲಿಲ್ಲ.

ಸೋಮವಾರ ಬೆಳಿಗ್ಗೆ ಸೊಣ್ಣಮ್ಮ ಡೈರಿಗೆ ಹಾಲು ಹಾಕಲು ಹೋದ ಹೊತ್ತಿಗೆ ಜೆಸಿಬಿ ಬಂತು. ಹಿಂದೆ ಎರಡು ಟ್ರ್ಯಾಕ್ಟರು. ಬಚ್ಚಪ್ಪನ ಕೈಗೆ ಸನಿಕೆ ಕೊಟ್ಟು ಉದುರಿದ್ದನ್ನು ಬಳಿದು ಹಾಕು ಅಂದಿದ್ದರು. ಖಾಲಿ ಕ್ಯಾನು ಹಿಡಿದು ಅವಳು ವಾಪಸು ಬರುವಾಗ ತಿಪ್ಪೆ ಅರ್ಧ ಎದ್ದಿತ್ತು.

ಸೊಣ್ಣಮ್ಮ ಓಡಿ ಬರಲಿಲ್ಲ. ಬರುವಂತೆಯೇ ಬಂದು, ಕ್ಯಾನನ್ನು ಕೆಳಗಿಟ್ಟು, ಜೆಸಿಬಿಯ ಹಲ್ಲಿನ ಮುಂದೆ ತಿಪ್ಪೆಯ ಮೇಲೆ ಕೂತಳು. ಡ್ರೈವರು ಎಂಜಿನ್ನು ನಿಲ್ಲಿಸಿದ.

ವೇಣುಗೋಪಾಲ್ ಗೋಡೆಯ ನೆರಳಿನಿಂದ ಬಂದ. "ಏಳಮ್ಮ. ಇದು ಕಾಲೇಜಿನ ಜಾಗ."

"ಜಾಗ ನಿಂದೇ ಇಟ್ಕ. ನನ್ ಗೊಬ್ರ ಬಿಡು. ನಾಳೀಕೆ ಒಲಕ್ಕೆ ಒಡೀತೀನಿ."

"ಇದು ನಿಂದು ಅನ್ನೋದಕ್ಕೆ ಏನಿದೆ? ಕಾಗದ ತೋರಿಸು."

"ಗೊಬ್ರಕ್ಕೆ ಕಾಗ್ದ ಕೇಳ್ತೀಯಲ್ಲಪ್ಪಾ, ನನ್ ಅಸ ಸಗಣಿ ಆಕುವಾಗ ರಸೀದಿ ಅರೀತದಾ?"

ಜೆಸಿಬಿಯವನು ಮುಖ ಆ ಕಡೆ ತಿರುಗಿಸಿ ನಕ್ಕ. ವೇಣುಗೋಪಾಲನಿಗೆ ಅದು ಕಂಡಿತು.

"ಮಾತು ಬೇರೆ ಕಲ್ತಿದೀಯ ಮುಂಡೇದೆ. ಹೇಸಿಗೆ ಮಾಡ್ಕೊಂಡು ಬದುಕೋದು ನಿಮಗೆ ವಂಶದಿಂದ ಬಂದದ್ದು, ನಮ್ಮ ಮಕ್ಕಳು ಯಾಕೆ ಅದನ್ನ ಮೂಸಬೇಕು? ನೋಡು," ಎಂದು ಜೇಬಿನಿಂದ ಒಂದು ಕಾಗದ ತೆಗೆದು ಬಿಡಿಸಿದ. "ಸ್ಟೂಡೆಂಟ್ಸೇ ಬರೆದುಕೊಟ್ಟಿದ್ದಾರೆ. ಹಸಿರು ಬಳಗ. ಗೋಡೆಯಾಚೆಯ ತಿಪ್ಪೆಗಳಿಂದ ಸೊಳ್ಳೆ, ವಾಸನೆ, ಆವರಣದ ಪರಿಸರ ಕೆಡ್ತಿದೆ, ತೆಗೆಸಿ ಅಂತ. ನಲವತ್ತು ಸಹಿ."

ಸೊಣ್ಣಮ್ಮನಿಗೆ ಓದು ಬಾರದು. ಕಾಗದವನ್ನು ನೋಡಿದಳು. ನೀಲಿ, ಕಪ್ಪು, ಹಸಿರು ಇಂಕಿನ ಸಹಿಗಳು. ಆಮೇಲೆ ಸನಿಕೆ ಹಿಡಿದು ನಿಂತ ಬಚ್ಚಪ್ಪನ ಕಡೆ ತಿರುಗಿದಳು.

"ನೀನಾದ್ರೂ ಏಳ್ಲಾ ಬಚ್ಚಾ. ಇದು ಯಾರ್ದು ಅಂತ ಇವ್ನಿಗೆ ಗೊತ್ತಿಲ್ಲ. ನಿಂಗ್ ಗೊತ್ತಲ್ಲ."

ಬಚ್ಚಪ್ಪ ಸನಿಕೆಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. ಅಷ್ಟರಲ್ಲಿ ಟ್ರ್ಯಾಕ್ಟರಿನ ಡ್ರೈವರು, ಏನೂ ಅರಿಯದವನು, ಮೇಲಿನಿಂದ ಬಗ್ಗಿ ಕೇಳಿದ.

"ತಾತಾ, ಮಾಗೈತೆ ಅಂತ ನೀವ್ ತೋರ್ಸಿದ್ದು ಇದೇ ತಾನೆ? ಪಕ್ಕದ್ದು ಅಲ್ಲ ತಾನೆ?"

ಬಚ್ಚಪ್ಪ ನೆಲ ನೋಡಿದ. "ಊಂ. ಇದೇ."

ಸೊಣ್ಣಮ್ಮ ಅವನನ್ನು ನೋಡಿದಳು. ಎದ್ದು, ಸೀರೆ ಕೊಡವಿ, ಕ್ಯಾನು ಎತ್ತಿಕೊಂಡು ಹೋದಳು. ಅವಳು ಎದ್ದ ಮೇಲೆ ಜೆಸಿಬಿಗೆ ಹತ್ತು ನಿಮಿಷದ ಕೆಲಸ.

ಅವತ್ತು ಸಂಜೆ ಬಚ್ಚಪ್ಪ ತನ್ನ ಮನೆಯೊಳಗೆ ದೀಪವಿಲ್ಲದೆ ಕೂತಿದ್ದ. ಗೋಡೆಯಾಚೆ, ಸೊಣ್ಣಮ್ಮನ ಮನೆಯಲ್ಲಿ, ಮುದ್ದೆ ತೊಳಸುವ ಕೋಲಿನ ಸದ್ದು ಕೇಳಿತು. ಆಮೇಲೆ ಅವನ ಹೊಸ್ತಿಲ ಹತ್ತಿರ ತಟ್ಟೆ ಇಟ್ಟ ಸದ್ದು. ಎದ್ದು ಹೋಗಿ ನೋಡುವಷ್ಟರಲ್ಲಿ ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದಳು. ತಟ್ಟೆಯಲ್ಲಿ ಎಂದಿನಷ್ಟೇ ಮುದ್ದೆ, ಎಂದಿನ ಹಾಗೇ ನಂಚಿಕೊಳ್ಳಲು ಒಂದು ಈರುಳ್ಳಿ. ಉಣ್ಣಬಾರದು ಅಂದುಕೊಂಡ. ಹಸಿವು ಕೇಳಲಿಲ್ಲ, ಉಂಡ. ಉಂಡು ಮುಗಿಸಿ, ಉಂಡೆನಲ್ಲ ಎಂದು ಕತ್ತಲಲ್ಲಿ ತನ್ನ ತೊಡೆಗೆ ತಾನೇ ಗುದ್ದಿಕೊಂಡ. ಮಂಗಳವಾರವೂ ಹಾಗೇ, ಬುಧವಾರವೂ ಹಾಗೇ.

ಆ ಎರಡು ದಿನ ಕಾಲೇಜಿನಲ್ಲಿ ಅವನಿಗೆ ಉಸಿರು ಬಿಡಲು ಹೊತ್ತಿರಲಿಲ್ಲ. ಮಕ್ಕಳಿಗೆ ರಜೆ. ತೊಟ್ಟಿಯ ಕೊಳೆಯನ್ನು ಬಾಚಿ ಆಟದ ಮೈದಾನದ ಅಂಚಿನಲ್ಲಿ ಗುಂಡಿ ತೋಡಿ ಹೂತ, ಕಾಗದದ ಲೋಟ ಸಮೇತ. ಸೊಣ್ಣಕ್ಕನ ಗೊಬ್ಬರವನ್ನು ಜರಡಿ ಹಿಡಿದು ಮೂರು ತೊಟ್ಟಿಗೂ ತುಂಬಿದ. ತುಂಬಿ ಉಳಿದದ್ದು ಶೆಡ್ಡಿನ ಹಿಂದೆ ಗುಡ್ಡೆಯಾಗಿತ್ತು. ತೊಟ್ಟಿಗಳಿಗೆ ಹೊಸದಾಗಿ ಸುಣ್ಣ ಬಳಿದರು, ಬೋರ್ಡಿಗೆ ಹೂವಿನ ಹಾರ ಬಂತು.

ಗುರುವಾರ ಬೆಳಿಗ್ಗೆ ಜ್ಯೋತ್ಸ್ನಾ ಎಲ್ಲರಿಗಿಂತ ಮೊದಲು ಬಂದು ತೊಟ್ಟಿಯೊಳಗೆ ಇಣುಕಿದಳು. ಅವಳ ಬಾಯಿ ತೆರೆದೇ ಇತ್ತು.

"ತಾತಾ, ಆಯ್ತಲ್ಲ ತಾತಾ. ನಾನು ಕೆಟ್ಟೋಯ್ತು ಅಂದ್ಕೊಂಡು ಎರಡು ದಿನ ಅತ್ತಿದ್ದೀನಿ ಗೊತ್ತಾ. ಇಷ್ಟು ಬೇಗ ಹೇಗಾಯ್ತು?"

"ಆಯ್ತಮ್ಮ."

"ನೀವು ಏನೋ ಮಾಡಿದ್ದೀರಿ."

"ಊಂ," ಅಂದ ಬಚ್ಚಪ್ಪ. "ಮಾಡಿವ್ನಿ."

ಹನ್ನೊಂದಕ್ಕೆ ಕಮಿಟಿ ಬಂತು. ಮೂರು ಜನ, ಕೊರಳಲ್ಲಿ ಗುರುತಿನ ಚೀಟಿ. ಅವರಲ್ಲಿ ಹಿರಿಯರಾದ ದಪ್ಪ ಕನ್ನಡಕದವರು ತೊಟ್ಟಿಯ ಹತ್ತಿರ ನಿಂತು, ಚಿಟಿಕೆ ಗೊಬ್ಬರ ತೆಗೆದು ಮೂಗಿಗೆ ಹಿಡಿದರು. ಕಣ್ಣು ಮುಚ್ಚಿದರು. ಅವರೂ ಎಲ್ಲೋ ಹಳ್ಳಿಯಲ್ಲಿ ಹುಟ್ಟಿದವರಿರಬೇಕು.

"ಎಕ್ಸಲೆಂಟ್. ಕ್ಯಾಂಟೀನ್ ಕಸದಿಂದ ಇಂಥ ಗೊಬ್ಬರ ನಾನು ಎಲ್ಲೂ ನೋಡಿಲ್ಲ." ಆಮೇಲೆ ದೂರದಲ್ಲಿ ಕೈ ಕಟ್ಟಿ ನಿಂತ ಬಚ್ಚಪ್ಪನನ್ನು ಕಂಡು ಕರೆದರು. "ಬನ್ನಿ ಯಜಮಾನ್ರೆ. ದಿನಾ ನೋಡಿಕೊಳ್ಳೋರು ನೀವೇ ಅಲ್ವಾ? ಈ ಕೆಲಸ ಯಾರು ಕಲಿಸಿದ್ರು ನಿಮಗೆ?"

ವೇಣುಗೋಪಾಲ್ ಕನ್ನಡಕದವರ ಹೆಗಲಿನಾಚೆಯಿಂದ ಅವನನ್ನೇ ನೋಡುತ್ತಿದ್ದ. ಹೇಳಬೇಕಾದ ಮಾತನ್ನು ಹಿಂದಿನ ದಿನ ಮೂರು ಸಲ ಬಾಯಿಪಾಠ ಮಾಡಿಸಿದ್ದ.

"ಮಕ್ಕಳು ಕಲಿಸಿದ್ರು ಸಾರ್," ಅಂದ ಬಚ್ಚಪ್ಪ.

ಮಕ್ಕಳು ಚಪ್ಪಾಳೆ ತಟ್ಟಿದರು. ಜ್ಯೋತ್ಸ್ನಾ ನಾಚಿಕೊಂಡು ತಲೆ ಬಗ್ಗಿಸಿದಳು. ಆ ಚಪ್ಪಾಳೆ ನಿಂತ ಮೇಲೆ ಗೇಟಿನ ಕಡೆಯಿಂದ ಒಂದು ದನಿ ಕೇಳುತ್ತಿತ್ತು, ಹೆಂಗಸಿನ ದನಿ, ಏರದೆ ಇಳಿಯದೆ ಒಂದೇ ಸಮನೆ. ಗೇಟಿನಲ್ಲಿ ವಾಚ್‌ಮನ್ ರಾಜ್‌ಕುಮಾರ್ ಸೊಣ್ಣಮ್ಮನನ್ನು ತಡೆದು ನಿಂತಿದ್ದ. ಕೆಜಿಎಫ್‌ನ ಆಂಡರ್ಸನ್‌ಪೇಟೆಯ ಹುಡುಗ, ತಮಿಳು ಅರ್ಧ ಕನ್ನಡ ಅರ್ಧ.

"ಪಾಟಿ, ಅಜ್ಜೀ, ಉಳ್ಳೆ ಬಿಡಕ್ಕಾಗಲ್ಲ. ನನ್ ಕೆಲಸ ಓಗ್ತದೆ."

"ನಾನು ಒಳಕ್ ಬತ್ತೀನಿ ಅಂದ್ನಾ? ರೋಹಿಣಿ ಮಳೆ ಬಂದೋಯ್ತು, ಎಲ್ರೂ ಗೊಬ್ರ ಚೆಲ್ಲವ್ರೆ. ನನ್ ಗೊಬ್ರ ಆಚೀಕೆ ಕಳ್ಸು. ನಾನ್ ಇಲ್ಲೇ ನಿಂತ್ಕತೀನಿ."

ಕಮಿಟಿಯವರು ಶಾಮಿಯಾನದ ಕಡೆ ಹೊರಟರು. ಅತಿಥಿಗಳಿಗೆ ಕೊಡಲು ಬಟ್ಟೆಯ ಪುಟ್ಟ ಚೀಲಗಳಿದ್ದವು, ಮೇಲೆ ಹಸಿರು ಟೇಪು. ಬಚ್ಚಪ್ಪ ಗೊಬ್ಬರ ತೋಡಿ ಕೊಡುವುದು, ಜ್ಯೋತ್ಸ್ನಾ ಚೀಲಕ್ಕೆ ತುಂಬುವುದು. ಏಳೆಂಟು ಚೀಲವಾಗಿತ್ತು. ಅವಳ ಬೆರಳಿಗೆ ಏನೋ ಗಟ್ಟಿ ಸಿಕ್ಕಿತು. ಜರಡಿಯನ್ನೂ ತಪ್ಪಿಸಿಕೊಂಡು ಬಂದಿದ್ದ ಒಂದು ಮಣ್ಣಿನ ಹಣತೆ. ಬಾಯಂಚು ಮುರಿದಿತ್ತು, ಒಳಗೆ ಎಣ್ಣೆಯ ಕಪ್ಪು.

"ಇದು ಕ್ಯಾಂಟೀನ್‌ದಲ್ಲ," ಅಂದಳು. "ತಾತಾ, ದೀಪ ಹೇಗೆ ಬಂತು ಇದರಲ್ಲಿ?"

ಸುಳ್ಳು ಹೇಳಲು ಬಚ್ಚಪ್ಪ ಬಾಯಿ ತೆರೆದ. ಬಾಯಿ ತೆರೆಯಿತು, ಸುಳ್ಳು ಬರಲಿಲ್ಲ.

"ದೀಪಾವಳೀಲಿ ತಿಪ್ಪೆ ಮ್ಯಾಲೆ ದೀಪ ಅಚ್ಚಿಡ್ತೀವಮ್ಮ. ಸೊಣ್ಣಕ್ಕ ಅಚ್ಚಿಟ್ಟಿದ್ದು. ಗೇಟ್ ತಾವ ಕೂಗ್ತಾ ಅವ್ಳಲ್ಲ, ಅವ್ಳು. ಇದು ಅವ್ಳ ತಿಪ್ಪೆ. ವಾಸ್ನೆ ಅಂತ ನೀವ್ ಬರ್ಕೊಟ್ರಿ. ಮಾಗೈತೆ ಅಂತ ನಾನ್ ತೋರ್ಸ್ದೆ."

ಜ್ಯೋತ್ಸ್ನಾ ಹಣತೆಯನ್ನು ಕೆಳಗೂ ಇಡದೆ ಹಿಡಿದೂ ಇರಲಾರದೆ ನಿಂತಳು.

"ಆ ಪತ್ರದಲ್ಲಿ ಮೊದಲನೇ ಸಹಿ ನಂದು," ಅಂದಳು. ಹಣತೆಯ ಮಣ್ಣನ್ನು ಬೆರಳಿನಿಂದ ಒರೆಸುತ್ತ, "ನಮಗೆ ಸೊಳ್ಳೆ ಕಚ್ತಿತ್ತು ತಾತಾ," ಅಂದಳು.

ಬಚ್ಚಪ್ಪ ಹೆಗಲ ಮೇಲಿನ ಟವೆಲನ್ನು ಸಿಂಬಿ ಸುತ್ತಿ ತಲೆಗಿಟ್ಟ. ಮಂಕರಿಗೆ ಗೊಬ್ಬರ ತುಂಬಿ ತಾನೇ ಎತ್ತಲು ಹೋದ, ಆಗಲಿಲ್ಲ. ಜ್ಯೋತ್ಸ್ನಾ ಒಂದು ಕಡೆ ಕೈ ಕೊಟ್ಟಳು. ಅವಳ ಬಿಳಿ ಚೂಡಿದಾರದ ಎದೆಯ ಮೇಲೆ ಕರಿ ಪಟ್ಟೆ ಮೂಡಿತು.

ಗೇಟಿಗೆ ಎರಡು ದಾರಿ. ಒಂದು ಶೆಡ್ಡಿನ ಹಿಂದಿನಿಂದ, ಇನ್ನೊಂದು ಶಾಮಿಯಾನದ ಮುಂದಿನಿಂದ. ಬಚ್ಚಪ್ಪ ಶಾಮಿಯಾನದ ಮುಂದೆ ನಡೆದ. ವೇದಿಕೆಯ ಮೇಲೆ ಕನ್ನಡಕದವರಿಗೆ ಶಾಲು ಹೊದಿಸುತ್ತಿದ್ದರು. ಮಂಕರಿಯ ಸಂದಿಯಿಂದ ಗೊಬ್ಬರ ಕೆಂಪು ಜಮಖಾನದ ಮೇಲೆ ಉದುರಿತು.

ವೇಣುಗೋಪಾಲ್ ಓಡಿ ಬಂದ, ಹಲ್ಲು ಕಚ್ಚಿ ಮೆಲ್ಲಗೆ ಅಂದ. "ಎಲ್ಲಿಗೋ ಸೂಳೆಮಗನೆ? ಇಳಿಸು. ಇಳಿಸು ಅಂದೆ."

ಬಚ್ಚಪ್ಪ ಇಳಿಸಲಿಲ್ಲ. ತಲೆಯ ಮೇಲೆ ಭಾರವಿದ್ದುದರಿಂದ ಕತ್ತು ನೆಟ್ಟಗೇ ಇತ್ತು. ವೇದಿಕೆಯ ಕಡೆ ನೋಡಿ, ಆಳುಗಳನ್ನು ಕರೆಯುವ ದನಿಯಲ್ಲಿ ಹೇಳಿದ.

"ಸಾರ್, ಆಗ್ಲೇ ನಾನ್ ಏಳಿದ್ದು ಸುಳ್ಳು. ಮಕ್ಳು ಕಲಿಸ್ಲಿಲ್ಲ. ಇದು ಗೇಟಿನಾಚೆ ನಿಂತಿರೋ ಯೆಣ್ಮಗಳ ತಿಪ್ಪೆ. ಇವ್ರು ಕದ್ರು. ನಾನು ದಾರಿ ತೋರ್ಸ್ದೆ."

ಮೈಕು ಹಿಡಿದವಳು ಅದನ್ನು ಕೆಳಗಿಳಿಸಿದಳು. ಕನ್ನಡಕದವರು ಶಾಲನ್ನು ಸರಿಪಡಿಸಿಕೊಂಡು ಮುಂದಿದ್ದ ಫೈಲು ತೆರೆದರು, ಒಂದು ಹಾಳೆ ತಿರುವಿದರು, ಮುಚ್ಚಿದರು. ಪಕ್ಕದವರ ಕಿವಿಯಲ್ಲಿ ಊಟದ ಹೊತ್ತಾಯಿತೇ ಎಂದು ಕೇಳಿದರು.

ಬಚ್ಚಪ್ಪ ನಡೆದ. ಗೇಟಿನ ಹತ್ತಿರ ಬಂದಾಗ ರಾಜ್‌ಕುಮಾರ್ ಮ್ಯಾನೇಜರನ್ನು ನೋಡಿದ, ಬಚ್ಚಪ್ಪನನ್ನು ನೋಡಿದ.

"ತೆರೀಬೇಡ," ಎಂದು ವೇಣುಗೋಪಾಲ್ ದೂರದಿಂದ ಕೂಗಿದ.

"ಪೋ ತಾತಾ," ಎಂದು ರಾಜ್‌ಕುಮಾರ್ ಚಿಲಕ ಸರಿಸಿದ.

ಸೊಣ್ಣಮ್ಮನ ಕಾಲ ಬಳಿ ಬಚ್ಚಪ್ಪ ಮಂಕರಿ ಸುರಿದ. ತಲೆ ಎತ್ತುವ ಧೈರ್ಯ ಬರಲಿಲ್ಲ. ಅವಳು ಬಗ್ಗಿ ಒಂದು ಹಿಡಿ ತೆಗೆದು ನೋಡಿದಳು. ಮೂರು ದಿನದ ಮೇಲೆ ಅವನೊಡನೆ ಅವಳು ಆಡಿದ ಮೊದಲ ಮಾತು ಅದು.

"ಒಂದ್ ಮಂಕ್ರಿ ತಂದು ತೊಳ್ಕತೀಯೇನ್ಲಾ? ಎಂಟ್ ಟ್ರ್ಯಾಕ್ಟ್ರು ಲೋಡ್ ಇತ್ತು. ಓಗು, ತತ್ತಾ."

ಅವನು ಓಡಿದ. ಆ ವಯಸ್ಸಿನಲ್ಲಿ ಓಡಿದ. ಮಂಕರಿ ಎತ್ತಲು ಪ್ರತಿ ಸಲವೂ ಜ್ಯೋತ್ಸ್ನಾ ಕೈ ಕೊಟ್ಟಳು, ಉಳಿದ ಮಕ್ಕಳು ಗುಂಪಾಗಿ ನಿಂತು ನೋಡಿದರು. ಏಳು ಮಂಕರಿ ಆಚೆ ಹೋಯಿತು. ಎಂಟನೆಯದಕ್ಕೆ ಬರುವಷ್ಟರಲ್ಲಿ ಕಚೇರಿಯವರು ನಾಲ್ಕು ಜನ ಬಂದು ಅವನನ್ನು ಹೊರಗೆ ನೂಕಿ, ಗೇಟು ಹಾಕಿದರು. ನೂಕಿದಾಗ ಮೊಣಕಾಲು ತರಚಿತು. ಸೊಣ್ಣಮ್ಮ ಎತ್ತಲು ಬರಲಿಲ್ಲ. ಅವಳು ಗೊಬ್ಬರ ಒಟ್ಟು ಮಾಡುತ್ತಿದ್ದಳು.

ಶುಕ್ರವಾರ ಅವಳು ಅದನ್ನು ಹೊಲಕ್ಕೆ ಹೊತ್ತಳು. ಅರ್ಧ ಎಕರೆಯ ಒಂದು ಮೂಲೆಯಲ್ಲಿ ಏಳು ಸಣ್ಣ ಗುಡ್ಡೆ, ಉಳಿದದ್ದೆಲ್ಲ ಬರಿ ಕೆಂಪು ನೆಲ. ಬಚ್ಚಪ್ಪ ಬದುವಿನ ಮೇಲೆ ನಿಂತು, ಚೆಲ್ಲಲು ಬರಲೇ ಎಂದು ಕೇಳಿದ. ಅವಳು ಬಾ ಅನ್ನಲಿಲ್ಲ, ಬೇಡ ಅನ್ನಲಿಲ್ಲ. ಅವನು ಸಂಜೆಯವರೆಗೆ ಬದುವಿನ ಮೇಲೆಯೇ ನಿಂತಿದ್ದ.

ಬಚ್ಚಪ್ಪ ಕಾಲೇಜು ಬಿಟ್ಟದ್ದು ಗುರುವಾರ. ಜ್ಯೋತ್ಸ್ನಾ ಬಳಗ ಬಿಟ್ಟದ್ದು ಶುಕ್ರವಾರ ಎಂದು ಆಮೇಲೆ ಗೊತ್ತಾಯಿತು. ವೇಣುಗೋಪಾಲ್ ಎಲ್ಲಿಗೂ ಹೋಗಲಿಲ್ಲ. ಶನಿವಾರ ಮಧ್ಯಾಹ್ನ, ವಾಚ್‌ಮನ್ನಿನ ಉಡುಪು ಒಪ್ಪಿಸಿ, ಬಣ್ಣ ಹೋದ ಅಂಗಿ ಹಾಕಿಕೊಂಡು ರಾಜ್‌ಕುಮಾರ್ ಕಾಲೊನಿಯ ಕಡೆ ಬಂದ. ಬಚ್ಚಪ್ಪನ ಬಾಗಿಲಲ್ಲಿ ನಿಂತು ನೀರು ಕೇಳಿದ. ಬಚ್ಚಪ್ಪ ಕೊಟ್ಟ ಚೊಂಬನ್ನು ಎರಡೂ ಕೈಯಿಂದ ಹಿಡಿದು ಪೂರ್ತಿ ಕುಡಿದ. ನನ್ನ ಕೆಲಸ ನಿನ್ನಿಂದ ಹೋಯಿತು ಎಂದು ಅವನು ಅನ್ನುತ್ತಾನೆಂದು ಬಚ್ಚಪ್ಪ ಕಾಯುತ್ತಿದ್ದ, ಅಂದರೆ ಸಾಕು ಎಂದೂ ಕಾಯುತ್ತಿದ್ದ. ಅವನು ಅನ್ನಲಿಲ್ಲ. "ವರೇನ್ ತಾತಾ, ಬರ್ತೀನಿ," ಅಂದು, ಆಂಡರ್ಸನ್‌ಪೇಟೆ ಬಸ್ಸಿಗೆ ಹೊತ್ತಾಯಿತೆಂದು ರೋಡಿನ ಕಡೆ ನಡೆದ. ರಾಜ್‌ಕುಮಾರ್ ಹೋದದ್ದು ಶನಿವಾರ.